ಮೂವತ್ತು ಕರೆಂಟು ಮುಗಿದ ಮೇಲೆ

ನನ್ನ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ನನ್ನ ಶಾಲೆಯ ಮಕ್ಕಳು ಬರೆಯುವಂಥದ್ದೇ. ಅದರ ಮೊದಲ ಸಾಲು ಹೀಗಿದೆ: “2022 ನವೆಂಬರ್ 14. ಬಾಯಿ 22 ಮಿ.ಮೀ. ತೂಕ 49 ಕೆ.ಜಿ. ಎರಡು ಇಡ್ಲಿ, ಮುಕ್ಕಾಲು ಗಂಟೆ.”

ಅದು ನನ್ನ ದೊಡ್ಡಪ್ಪನ ಲೆಕ್ಕ. ಆಗ ಅವನಿಗೆ 61 ವರ್ಷ. ಕೆನ್ನೆಯೊಳಗಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, 30 ಕರೆಂಟು ಮುಗಿದು, ಎರಡೂವರೆ ತಿಂಗಳಾಗಿತ್ತು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಎಲ್ಲರೂ ಕರೆಂಟು ಅಂತಲೇ ಅನ್ನುವುದು. ಆಸ್ಪತ್ರೆಯ ಫೈಲಿನಲ್ಲಿ ರೋಗದ ಕುರುಹು ಇಲ್ಲ ಅಂತ ಬರೆದಿತ್ತು. ಊರವರು ಗುಣವಾಯಿತು ಅಂದರು. ಆದರೆ ಮನೆಯೊಳಗೆ ಅವನು ಯಾರ ಜೊತೆಗೂ ಕೂರದೆ, ಹಿತ್ತಿಲ ಬಾಗಿಲ ಹತ್ತಿರ ಗೋಡೆಗೆ ಮುಖ ಮಾಡಿ ಒಬ್ಬನೇ ಉಣ್ಣುತ್ತಿದ್ದ.

ಆಮೇಲಿನ ಮೂರು ವರ್ಷ ನಾವು ಏನು ಮಾಡಿದೆವು, ಏನು ತಪ್ಪಿದೆವು, ಯಾವುದು ಕೆಲಸಕ್ಕೆ ಬಂತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಸಿದ್ದಾಪುರ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆಯ ಟೀಚರು. ದೊಡ್ಡಪ್ಪನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ.

ಕವಳ

ನಮ್ಮದು ಅಡಿಕೆ ತೋಟದ ಮನೆ. ಯಾರೇ ಬರಲಿ, ಮೊದಲು ಬೆಲ್ಲ ನೀರು. ಕಾಲು ತೊಳೆದು ಜಗಲಿಯಲ್ಲಿ ಕೂತರೆ ಎದುರಿಗೆ ಕವಳದ ತಟ್ಟೆ. ಎಲೆ, ಅಡಿಕೆ, ಸುಣ್ಣ, ತಂಬಾಕು. ಮಾತು ಶುರುವಾಗುವುದೇ ಆ ತಟ್ಟೆಯಿಂದ. ದೊಡ್ಡಪ್ಪ ಹದಿನೆಂಟರ ವಯಸ್ಸಿನಿಂದ ಕವಳ ಹಾಕಿದವನು. ದಿನಕ್ಕೆ ಹತ್ತು ಹನ್ನೆರಡು. ಅಡಿಕೆ ಸುಲಿಯುವ ಕಾಲದಲ್ಲಿ ಇನ್ನೂ ಜಾಸ್ತಿ. ರಾತ್ರಿ ಊಟ ಆದ ಮೇಲೆ ಎಡ ಕೆನ್ನೆಯಲ್ಲಿ ಒಂದು ಇಟ್ಟುಕೊಂಡೇ ಮಲಗುತ್ತಿದ್ದ.

ಎಡ ಕೆನ್ನೆಯಲ್ಲೇ ಬಂತು. ಮೊದಲು ಖಾರ ತಾಗಿದರೆ ಉರಿ. ಆಮೇಲೆ ಒಂದು ಬಿಳಿ ಮಚ್ಚೆ. ಹಲ್ಲು ತಾಗಿ ಹುಣ್ಣಾಗಿದೆ ಅಂತ ಆರು ತಿಂಗಳು ಸುಮ್ಮನಿದ್ದ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು. ಅದು ನಮಗೆ ಗೊತ್ತಾದದ್ದು ಅವನಿಗೆ ಬಂದ ಮೇಲೆ.

ಚಿಕಿತ್ಸೆಯ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಆಪರೇಷನ್. ಕೆನ್ನೆಯ ಒಳಭಾಗ, ದವಡೆಯ ಅಂಚು, ಕುತ್ತಿಗೆಯ ಗಂಟುಗಳನ್ನು ತೆಗೆದರು. ಎದೆಯ ಚರ್ಮ ಮಾಂಸ ತಂದು ಕೆನ್ನೆಗೆ ತೇಪೆ ಹಾಕಿದರು. ಆಮೇಲೆ ವಾರಕ್ಕೆ ಐದು ದಿನದ ಹಾಗೆ ಆರು ವಾರ ಕರೆಂಟು. ಡಾಕ್ಟರುಗಳು ತಮ್ಮ ಕೆಲಸ ಚೆನ್ನಾಗಿ ಮಾಡಿದರು. ಅವನು ಇವತ್ತು ಬದುಕಿರುವುದು ಅದರಿಂದ. ಈ ಮಾತನ್ನು ಮೊದಲೇ ಹೇಳಿಬಿಡಬೇಕು.

ಕೊನೆಯ ಕರೆಂಟು ಆಗಸ್ಟ್ 29ಕ್ಕೆ. ಚೌತಿಗೆ ಇನ್ನೆರಡೇ ದಿನ. ಮೂಗಿಗೆ ಹಾಕಿದ ನಳಿಕೆ ಸಮೇತ ಅವನನ್ನು ಊರಿಗೆ ಕರೆತಂದೆವು. ಬಿಡುಗಡೆಯ ಚೀಟಿಯಲ್ಲಿ ಎರಡು ತಿಂಗಳು ಬಿಟ್ಟು ಬನ್ನಿ ಅಂತ ಇತ್ತು, ಮಾತ್ರೆಗಳ ಹೆಸರಿತ್ತು. ಆ ಎರಡು ತಿಂಗಳು ಮನೆಯಲ್ಲಿ ಏನಾಗುತ್ತದೆ, ನಾವು ಏನು ಮಾಡಬೇಕು ಅನ್ನುವುದಿರಲಿಲ್ಲ. ಹೊರಗೆ ನೂರಾರು ಜನ ಕಾಯುತ್ತಿದ್ದರು. ಕೇಳಲು ನಮಗೂ ತೋಚಲಿಲ್ಲ. ಮುಗಿಯಿತಲ್ಲ ಅನ್ನುವ ಸಮಾಧಾನ ಒಂದೇ ಇತ್ತು.

ಬಾಯಿ ಮುಚ್ಚುತ್ತಾ ಬಂದದ್ದು

ನಮ್ಮ ಕಡೆ ಚೌತಿಗೆ ಮೊದಲು ಚಕ್ಲಿ ಕಂಬಳ ಅಂತ ನಡೆಯುತ್ತದೆ. ನೆರೆಯವರೆಲ್ಲ ಒಂದು ಮನೆಯಲ್ಲಿ ಸೇರಿ ಕೈಯಲ್ಲೇ ಚಕ್ಲಿ ಸುತ್ತುವುದು. ದೊಡ್ಡಪ್ಪನ ಚಕ್ಲಿ ಅಂದರೆ ಅಚ್ಚಿನಲ್ಲಿ ಒತ್ತಿದ ಹಾಗೆ. ಆ ವರ್ಷ ಅವನು ಕೋಣೆಯಲ್ಲಿ ಮಲಗಿದ್ದ, ಹೊರಗೆ ಎಣ್ಣೆ ಕಾಯುವ ವಾಸನೆ. ನೋಡಲು ಬಂದವರೆಲ್ಲ ಒಂದೇ ಮಾತು: “ಎಲ್ಲ ಮುಗೀತಲ, ಇನ್ನು ಆರಾಮ.” ಅವನು ತಲೆ ಆಡಿಸುತ್ತಿದ್ದ.

ಅಕ್ಟೋಬರ್‌ನಲ್ಲಿ ನಳಿಕೆ ತೆಗೆದರು. ಬಾಯಿಯ ಹುಣ್ಣು ಮಾಯ್ದಿತ್ತು. ಈಗ ಊಟ ಮಾಡುತ್ತಾನೆ ಅಂದುಕೊಂಡೆವು. ಆದರೆ ದಿನ ಹೋದ ಹಾಗೆ ಅವನು ತಿನ್ನುವುದು ಕಮ್ಮಿಯಾಯಿತು. ಮನಸ್ಸಿಲ್ಲ ಅಂತ ನಾವು ಭಾವಿಸಿದೆವು. ಅವನ ಹೆಂಡತಿ, ನನ್ನ ದೊಡ್ಡಾಯಿ, ಗೋಗರೆದಳು, ಅಪ್ಪ ಬೈದ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ಅವನಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ, ಅದನ್ನು ಹೇಳಿಕೊಳ್ಳುತ್ತಲೂ ಇರಲಿಲ್ಲ.

ಗೊತ್ತಾದದ್ದು ಹಲ್ಲು ನೋವಿನಿಂದ. ಪಟ್ಟಣದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಕಿತ್ತು ಹಾಕಿಸೋಣ ಅಂತ. ಅವರು ಹಲ್ಲು ಮುಟ್ಟಲೇ ಇಲ್ಲ. ಕರೆಂಟು ಕೊಟ್ಟ ದವಡೆಯಲ್ಲಿ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು, ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಯಾರ ಹತ್ತಿರವೂ ಕೀಳಿಸಬೇಡಿ ಅಂದರು. ಆಮೇಲೆ ಒಂದು ಪುಟ್ಟ ಸ್ಕೇಲು ತೆಗೆದು ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಅಳೆದರು. 22. “ಇದು 35ಕ್ಕಿಂತ ಕೆಳಗೆ ಬಂದರೆ ಬಾಯಿ ಬಿಗಿದಿದೆ ಅಂತಲೇ ಲೆಕ್ಕ. ದಿನಾ ವ್ಯಾಯಾಮ ಮಾಡಿಸ್ತಾ ಇದ್ದೀರಾ?” ಅಂತ ಕೇಳಿದರು. ಯಾವ ವ್ಯಾಯಾಮ ಅಂತ ನಾನು ಕೇಳಿದೆ.

ಅವರು ಕೂರಿಸಿ ಹೇಳಿದ್ದು ಇಷ್ಟು. ಕರೆಂಟು ತಾಗಿದ ಮಾಂಸ ನಿಧಾನವಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಕರೆಂಟು ನಿಂತ ಮೇಲೂ ತಿಂಗಳುಗಟ್ಟಲೆ, ವರ್ಷಗಟ್ಟಲೆ. ದವಡೆ ಅಲ್ಲಾಡಿಸುವ ಸ್ನಾಯು ಹಗ್ಗದ ಹಾಗೆ ಬಿಗಿಯುತ್ತದೆ. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆ ಮೊದಲೇ ಗಟ್ಟಿಯಾಗಿರುತ್ತದೆ. ಹಾಗಾಗಿ ಇನ್ನೂ ಬೇಗ. ಎಳೆದು ಎಳೆದು ಸಡಿಲ ಇಡಬೇಕು. ಕಳೆದುಕೊಂಡದ್ದನ್ನು ವಾಪಸು ಪಡೆಯುವುದು ಕಷ್ಟ, ಇದ್ದದ್ದನ್ನು ಉಳಿಸಿಕೊಳ್ಳುವುದು ಸುಲಭ.

ಆಸ್ಪತ್ರೆಯಿಂದ ಬಂದಾಗ ಇದ್ದದ್ದು 30 ಅಂತ ಹಳೆಯ ಕಾಗದದಲ್ಲಿ ಆಮೇಲೆ ಸಿಕ್ಕಿತು. ಎರಡೂವರೆ ತಿಂಗಳಲ್ಲಿ ಎಂಟು ಮಿಲಿಮೀಟರ್ ಹೋಗಿತ್ತು. ಎಂಟು ಮಿಲಿಮೀಟರ್ ಅಂದರೆ ಒಂದು ಚಮಚದ ಅನ್ನ ಬಾಯಿಗೆ ಹೋಗುವುದಕ್ಕೂ ಹೋಗದೆ ಇರುವುದಕ್ಕೂ ಇರುವ ವ್ಯತ್ಯಾಸ.

ಐಸ್‌ಕ್ರೀಂ ಕಡ್ಡಿ

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಕಾದು ಕೂತು ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕಂಡೆವು. ಬಾಯಿ ತೆರೆಸುವ ಸಲಕರಣೆಗಳಿಗೆ ಬೆಲೆ ಹೆಚ್ಚು. ಅವರು ಚೀಟಿಯಲ್ಲಿ ಬರೆದುಕೊಟ್ಟದ್ದು ಐಸ್‌ಕ್ರೀಂ ಕಡ್ಡಿ. ಮರದ ಚಪ್ಪಟೆ ಕಡ್ಡಿ, ಒಂದು ಕಟ್ಟಿಗೆ ಕೆಲವೇ ರೂಪಾಯಿ. ಒಂದರ ಮೇಲೊಂದು ಜೋಡಿಸಿ, ರಬ್ಬರ್ ಬ್ಯಾಂಡ್ ಸುತ್ತಿ, ಹಲ್ಲುಗಳ ನಡುವೆ ಇಡಬೇಕು. ದಿನಕ್ಕೆ ಐದು ಸಲ. ಸಲಕ್ಕೆ ಐದು ಬಾರಿ. ಬಾರಿಗೆ ಮೂವತ್ತು ಸೆಕೆಂಡ್. ಬಿಗಿ ಎನಿಸಬೇಕು, ಚುಚ್ಚುವ ನೋವು ಬರಬಾರದು. ಸಡಿಲವಾಯಿತು ಅನ್ನಿಸಿದ ದಿನ ನಡುವೆ ಇನ್ನೊಂದು ಕಡ್ಡಿ ತೂರಿಸಬೇಕು.

ನಾವು ತಂದ ಕಡ್ಡಿ ಹತ್ತಕ್ಕೆ ಸುಮಾರು 20 ಮಿ.ಮೀ. ಹನ್ನೊಂದರಿಂದ ಶುರು ಮಾಡಿದೆವು.

ಹೇಳುವುದಕ್ಕೆ ಸುಲಭ. ಮೊದಲ ವಾರ ಅವನು ಎರಡು ಸಲ ಮಾಡಿದರೆ ದೊಡ್ಡದು. ಬಾಯಿ ಒಣಗಿ ಕಡ್ಡಿ ಅಂಟುತ್ತಿತ್ತು. ಕಣ್ಣಲ್ಲಿ ನೀರು. ಒಂದು ದಿನ ಕಟ್ಟನ್ನು ಅಂಗಳಕ್ಕೆ ಎಸೆದ. “ನನ್ನತ್ರ ಆಗ್ತಿಲ್ಲೆ” ಅಂದ. ಅವತ್ತು ನೋಟ್‌ಬುಕ್‌ನಲ್ಲಿ ನಾನು ಬರೀ ಗೆರೆ ಎಳೆದಿದ್ದೇನೆ.

ದಾರಿ ಹುಡುಕಿದ್ದು ದೊಡ್ಡಾಯಿ. ವ್ಯಾಯಾಮವನ್ನು ಗಡಿಯಾರಕ್ಕೆ ಕಟ್ಟದೆ ಮನೆಯ ಕೆಲಸಕ್ಕೆ ಕಟ್ಟಿದಳು. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಅವಳು ಹಾಲು ಕರೆಯುವಾಗ ಒಂದು ಸಲ. ಆಸರಿಗೆ ಕುಡಿದ ಮೇಲೆ ಒಂದು. ಮಧ್ಯಾಹ್ನ ರೇಡಿಯೋ ಹಚ್ಚಿದಾಗ. ಸಂಜೆ ದೇವರ ದೀಪ ಇಟ್ಟಾಗ. ಮಲಗುವ ಮುಂಚೆ. ಕಡ್ಡಿ ಇಡುವ ಮೊದಲು ಬೆಚ್ಚಗಿನ ಬಟ್ಟೆಯನ್ನು ಕೆನ್ನೆಗೆ ಇಡುತ್ತಿದ್ದಳು. ಕಡ್ಡಿ ಬಾಯಲ್ಲಿರುವಾಗ ಮೂವತ್ತರ ತನಕ ಗಟ್ಟಿಯಾಗಿ ಎಣಿಸುತ್ತಿದ್ದಳು. ಆಮೇಲೆ ಆಮೇಲೆ ನನ್ನ ಏಳು ವರ್ಷದ ಮಗನೇ ಓಡಿ ಬಂದು ಎಣಿಸತೊಡಗಿದ. ಅಜ್ಜನಿಗೆ ಅದೊಂದು ಆಟವಾಯಿತು.

ಫೆಬ್ರವರಿಗೆ 25. ಏಪ್ರಿಲ್‌ಗೆ 27. ಜೂನ್‌ನಲ್ಲಿ ಜ್ವರ ಬಂದು ಹತ್ತು ದಿನ ಬಿಟ್ಟ, 25ಕ್ಕೆ ಇಳಿಯಿತು. ನನಗೆ ಅಷ್ಟು ಬೇಗ ಇಳಿಯುತ್ತದೆ ಅಂತ ಗೊತ್ತಿರಲಿಲ್ಲ. ಮತ್ತೆ ಹತ್ತಿಸಿದೆವು. 2023ರ ಕೊನೆಗೆ 31. ಅಲ್ಲಿಂದ ಮುಂದೆ ಹೋಗಲೇ ಇಲ್ಲ. 35 ಮುಟ್ಟಲಿಲ್ಲ ಅಂತ ನಾನು ಬೇಸರ ಮಾಡಿಕೊಂಡಾಗ ಫಿಸಿಯೋ ಹೇಳಿದರು, 31ರಲ್ಲಿ ಊಟ ಮಾಡಬಹುದು, ಹಲ್ಲು ಉಜ್ಜಬಹುದು, ಡಾಕ್ಟರು ಒಳಗೆ ನೋಡಬಹುದು, ಅದು ಸಣ್ಣದಲ್ಲ ಅಂತ.

ಇದೇ ಅವಧಿಯಲ್ಲಿ ಭುಜದ್ದೂ ಒಂದು ಪಾಡಿತ್ತು. ಕುತ್ತಿಗೆಯ ಗಂಟು ತೆಗೆಯುವಾಗ ಭುಜ ಎತ್ತುವ ನರಕ್ಕೆ ಪೆಟ್ಟಾಗುವುದುಂಟಂತೆ. ಎಡಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳಿನಿಂದ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು. ಜಗಲಿಯ ಗೋಡೆಗೆ ಪೆನ್ಸಿಲ್ ಗೆರೆಗಳು ಇನ್ನೂ ಇವೆ. ಈ ವರ್ಷ ಸುಣ್ಣ ಹೊಡೆಯುವಾಗ ಆ ಜಾಗ ಮಾತ್ರ ಬಿಡಿ ಅಂದಿದ್ದಾನೆ.

ಜೊಲ್ಲಿಲ್ಲದ ಊಟ

ಬಾಯಿ ತೆರೆದರೆ ಸಾಲದು, ಬಾಯಲ್ಲಿ ಜೊಲ್ಲು ಬೇಕು. ಜೊಲ್ಲು ಬರುವ ಗ್ರಂಥಿಗಳು ಕಿವಿಯ ಮುಂದೆ, ದವಡೆಯ ಕೆಳಗೆ ಇರುತ್ತವೆ. ಕರೆಂಟು ಅದೇ ದಾರಿಯಲ್ಲಿ ಹೋಗುತ್ತದೆ. ಅನ್ನ ಬಾಯಲ್ಲಿ ಮರಳಿನ ಹಾಗೆ ಅನ್ನುತ್ತಿದ್ದ. ಜೊಲ್ಲಿಲ್ಲದಿದ್ದರೆ ಹಲ್ಲಿಗೂ ಕಾವಲಿಲ್ಲ, ಬೇಗ ಹುಳುಕು. ಹಲ್ಲಿನ ಡಾಕ್ಟರು ಫ್ಲೋರೈಡ್ ಹೆಚ್ಚಿರುವ ಪೇಸ್ಟ್ ಬರೆದುಕೊಟ್ಟರು. ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ಪ್ರತಿ ಊಟದ ಮೇಲೂ ಬಾಯಿ ಮುಕ್ಕಳಿಸಲು ಹೇಳಿದರು. ಬಾಯಿ ಒಣಗುತ್ತದೆ ಅಂತ ಕಲ್ಲುಸಕ್ಕರೆ ಚೀಪುತ್ತಿದ್ದ, ಅದನ್ನು ನಿಲ್ಲಿಸಿದರು. ಜೊತೆಯಲ್ಲಿ ಯಾವಾಗಲೂ ಒಂದು ನೀರಿನ ಬಾಟಲಿ. ಮೊದಲು ಹೆಗಲ ಮೇಲೆ ಟವೆಲ್ ಒಂದೇ ಇರುತ್ತಿತ್ತು, ಈಗ ಟವೆಲ್ ಮತ್ತು ಬಾಟಲಿ.

ಪೌಷ್ಟಿಕ ಆಹಾರದ ಪಟ್ಟಿ ಒಂದು ಕೊಟ್ಟಿದ್ದರು. ಅದರಲ್ಲಿ ಸೂಪು, ಕಸ್ಟರ್ಡ್, ಓಟ್ಸ್. ದೊಡ್ಡಾಯಿ ಓದಿಸಿಕೊಂಡು ಕೇಳಿ, ಮಡಚಿ ದೇವರ ಗೂಡಿನಲ್ಲಿ ಇಟ್ಟಳು. ನಮ್ಮ ಅಡುಗೆಮನೆಯಲ್ಲೇ ಇದಕ್ಕೆ ಬೇಕಾದ್ದು ಇತ್ತು. ತಂಬುಳಿ. ಒಂದೆಲಗದ್ದು, ದೊಡ್ಡಪತ್ರೆಯದು, ಕಾಯಿ ಅರೆದು, ಮಜ್ಜಿಗೆ ಬೆರೆಸಿದ್ದು. ಕಾಳುಮೆಣಸು, ಹಸಿಮೆಣಸು ಬಿಟ್ಟು ಮಾಡಿದರೆ ಉರಿಯುವುದಿಲ್ಲ. ಅನ್ನವನ್ನು ಹಿಚುಕಿ ತಂಬುಳಿ ಜಾಸ್ತಿ ಹಾಕಿ ತುಪ್ಪ ಬಿಟ್ಟರೆ ಜಾರಿ ಹೋಗುತ್ತದೆ. ತೆಳ್ಳೇವು, ಅಂದರೆ ತೆಳ್ಳಗಿನ ದೋಸೆ, ಹಾಲಲ್ಲಿ ನೆನೆಸಿದರೆ ಆಗುತ್ತದೆ. ಹಾಲುಬಾಯಿ ಅಂತೂ ಅವನಿಗಾಗಿಯೇ ಹುಟ್ಟಿದ ಸಿಹಿ. ಮಾವಿನಕಾಯಿಯ ಅಪ್ಪೆಹುಳಿ, ಹಪ್ಪಳ, ಉಪ್ಪಿನಕಾಯಿ ಇವತ್ತಿಗೂ ಇಲ್ಲ. ಅಪ್ಪೆಹುಳಿ ಇಲ್ಲದ ಬೇಸಿಗೆ ಅವನಿಗೆ ನಿಜಕ್ಕೂ ದುಃಖ.

ತೂಕ ನಿಧಾನವಾಗಿ ಏರಿತು. ಆಪರೇಷನ್‌ಗೆ ಮೊದಲು 64 ಇದ್ದದ್ದು 49ಕ್ಕೆ ಬಂದಿತ್ತು. 2023ರ ಮೇ ಹೊತ್ತಿಗೆ 54.

ಮಂಕು

ಆದರೆ ಅದೇ ಮೇ ತಿಂಗಳಲ್ಲಿ ಅವನು ಹಾಸಿಗೆ ಬಿಟ್ಟು ಏಳಲು ಬೇಜಾರು ಮಾಡತೊಡಗಿದ. ಹಗಲೂ ನಿದ್ದೆ. ಬೇಸಿಗೆಯಲ್ಲೂ ಕಂಬಳಿ. ಮಾತು ಕೇಳಿದರೆ ಉತ್ತರ ನಿಧಾನ. ತೋಟದ ಕಡೆ ಹೋಗುವುದೇ ಇಲ್ಲ. ಒಂದು ರಾತ್ರಿ ದೊಡ್ಡಾಯಿಯ ಹತ್ತಿರ “ಅವತ್ತೇ ಹೋಗಿದ್ರೆ ಚೊಲೊ ಇತ್ತು” ಅಂದನಂತೆ. ಅವಳು ಮಾರನೇ ದಿನ ಬೆಳಿಗ್ಗೆ ನಡುಗುತ್ತಾ ನನಗೆ ಫೋನ್ ಮಾಡಿದಳು.

ನನಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಶಾಲೆಯ ಗೋಡೆಯ ಮೇಲೆ ಟೆಲಿ ಮನಸ್ ಪೋಸ್ಟರ್ ಇತ್ತು. 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮೊದಲು ನಾನೇ ಮಾತಾಡಿದೆ. ಆಚೆ ಕಡೆಯ ಹೆಣ್ಣುಮಗಳು ಅವಸರ ಮಾಡಲಿಲ್ಲ. ಅವರನ್ನು ಒಬ್ಬರೇ ಬಿಡಬೇಡಿ, ತೋಟದ ಔಷಧಿ ಡಬ್ಬಿಗಳಿಗೆ ಬೀಗ ಹಾಕಿ, ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ಹೆಚ್ಚಾಗುವುದಿಲ್ಲ ಅಂದರು. ಆಮೇಲೆ ಒಂದು ಮಾತು ಕೇಳಿದರು: ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ?

ಯಾರೂ ಮಾಡಿಸಿರಲಿಲ್ಲ. ತಾಲ್ಲೂಕು ಕೇಂದ್ರದಲ್ಲಿ ರಕ್ತ ಕೊಟ್ಟೆವು. ಥೈರಾಯ್ಡ್ ಕೆಲಸ ಕಮ್ಮಿಯಾದರೆ ಏರುವ ಟಿಎಸ್‌ಎಚ್ 18 ಬಂತು. ಸಾಮಾನ್ಯವಾಗಿ ಇರಬೇಕಾದ್ದು 4ರ ಆಸುಪಾಸಿನ ಒಳಗೆ. ಕುತ್ತಿಗೆಗೆ ಕರೆಂಟು ತಾಗಿದವರಿಗೆ ಥೈರಾಯ್ಡ್ ಸೋಲುವುದು ಬಹಳ ಮಾಮೂಲಂತೆ. ಅದಕ್ಕೇ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಈ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಕಂಬಳಿ ಹೋಯಿತು, ಹಗಲು ನಿದ್ದೆ ಹೋಯಿತು.

ದುಃಖ ಪೂರ್ತಿ ಹೋಗಲಿಲ್ಲ. ಎಲ್ಲವೂ ಥೈರಾಯ್ಡ್ ಅಂತ ನಾನು ಹೇಳುತ್ತಿಲ್ಲ. ಅವನೇ ಆಮೇಲೆ ಫೋನ್ ತೆಗೆದುಕೊಂಡು ನಾಲ್ಕಾರು ಸಲ ಆ ಸಹಾಯವಾಣಿಯವರ ಜೊತೆ ಮಾತಾಡಿದ. ಏನು ಮಾತಾಡಿದ ಅಂತ ನಾವು ಕೇಳಿಲ್ಲ. ನನಗೆ ಅರ್ಥವಾದದ್ದು ಇಷ್ಟೇ. ಚಿಕಿತ್ಸೆ ನಡೆಯುವಾಗ ಅವನ ಸುತ್ತ ಎಲ್ಲರೂ ಇದ್ದರು, ಮಾಡಲು ಒಂದು ಕೆಲಸವಿತ್ತು. ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು. ಅವನ ಕೈಯಲ್ಲಿ ಉಳಿದದ್ದು ಒಂದು ಟಾರ್ಚು, ಒಂದು ಕನ್ನಡಿ. ಪ್ರತಿ ರಾತ್ರಿ ಬಾಯಿಗೆ ಟಾರ್ಚು ಬಿಟ್ಟು ನೋಡಿಕೊಳ್ಳುತ್ತಿದ್ದ. ಸಣ್ಣ ಕೆಂಪು ಕಂಡರೆ ಆ ರಾತ್ರಿ ನಿದ್ದೆಯಿಲ್ಲ. ತಪಾಸಣೆಗೆ ಹೋಗುವ ವಾರ ಊಟವೂ ಇಲ್ಲ.

ಇದಕ್ಕೊಂದು ಕಟ್ಟು ಹಾಕಿಕೊಂಡೆವು. ಟಾರ್ಚು ಭಾನುವಾರ ಬೆಳಿಗ್ಗೆ ಮಾತ್ರ, ಅದೂ ನನ್ನೆದುರು, ಹಗಲ ಬೆಳಕಲ್ಲಿ. ಏನಾದರೂ ಕಂಡರೆ ನೋಟ್‌ಬುಕ್‌ನಲ್ಲಿ ಎಲ್ಲಿ, ಎಷ್ಟು ಅಂತ ಬರೆಯುವುದು. ಎರಡು ವಾರದಲ್ಲಿ ಮಾಯದಿದ್ದರೆ ತಪಾಸಣೆಯ ದಿನಕ್ಕೆ ಕಾಯದೆ ಫೋನ್ ಮಾಡುವುದು. ಮೂರು ವರ್ಷದಲ್ಲಿ ಹಾಗೆ ಎರಡು ಸಲ ಹೋಗಿದ್ದೇವೆ. ಎರಡೂ ಸಲ ಹಲ್ಲು ತಾಗಿದ ಗಾಯ. ಬಾಯಿ ಕ್ಯಾನ್ಸರ್ ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ. ಆ ಎರಡು ವರ್ಷ ದಾಟಿದ ದಿನ ಅವನು ಏನೂ ಹೇಳಲಿಲ್ಲ. ಮಧ್ಯಾಹ್ನ ಒಬ್ಬನೇ ತೋಟಕ್ಕೆ ಹೋಗಿ ಕತ್ತಲಾದ ಮೇಲೆ ಬಂದ.

ತಟ್ಟೆ ಒಳಗೆ ಹೋಯಿತು

ಎಲ್ಲಕ್ಕಿಂತ ಕಷ್ಟವಾದದ್ದು ಕವಳದ ತಟ್ಟೆ. ನಲವತ್ತು ವರ್ಷದ ಚಟ ಬಿಡುವುದು ಒಂದು. ಆದರೆ ಬಾಯಿ ಉರಿಯುವಾಗ ಅದು ತಾನಾಗಿ ಬಿಟ್ಟಿತ್ತು. ತೊಂದರೆ ಶುರುವಾದದ್ದು ಬಾಯಿ ಸರಿಯಾದ ಮೇಲೆ. ಗೆಳೆಯರು ಬರುತ್ತಿದ್ದರು, ಪ್ರೀತಿಯಿಂದಲೇ. “ತಂಬಾಕು ಬ್ಯಾಡ, ಬರೀ ಎಲೆ ಅಡಿಕೆ ಹಾಕ್ಲಕ್ಕು, ಎಂತಾ ಆಗ್ತಿಲ್ಲೆ.”

ಆಗುತ್ತದೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ ತಂಬಾಕಿಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. 2004ರಲ್ಲಿ ಬಂದ ಅದರ 85ನೇ ಸಂಪುಟದಲ್ಲಿ ಅದು ಇದೆ. ಇದನ್ನು ನಮ್ಮ ಊರಲ್ಲಿ ಹೇಳುವುದು ಸುಲಭವಲ್ಲ. ನಾನು ಓದಿದ್ದು, ಮದುವೆಯಾದದ್ದು, ದೊಡ್ಡಪ್ಪನ ಆಪರೇಷನ್ ಬಿಲ್ಲು ಕಟ್ಟಿದ್ದು ಎಲ್ಲ ಅಡಿಕೆಯ ದುಡ್ಡಿನಲ್ಲಿ. ನಮ್ಮ ಬೆಳೆಯ ಮೇಲೆ ಸುಮ್ನೆ ಅಪವಾದ ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ಅವರ ಜೊತೆ ನಾನು ಜಗಳ ಮಾಡುವುದಿಲ್ಲ. ಆದರೆ ಒಮ್ಮೆ ಕ್ಯಾನ್ಸರ್ ಬಂದ ಬಾಯಿಗೆ ಮತ್ತೆ ಅಡಿಕೆ ಹಾಕಿಸಲು ಬಿಡುವುದಿಲ್ಲ.

ತಟ್ಟೆ ಬೇಡ ಅಂದವನು ಮಾತಿನಿಂದಲೂ ಹೊರಗೆ ಬೀಳುತ್ತಾನೆ. ಅದನ್ನು ನಾನು ಕಣ್ಣಾರೆ ಕಂಡೆ. ತಟ್ಟೆ ಅವನ ಹತ್ತಿರ ಬಂದಾಗ ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಿದ್ದರು. ಅವನು ಎದ್ದು ಒಳಗೆ ಹೋಗುತ್ತಿದ್ದ. ಆಮೇಲೆ ಅವನು ಇಲ್ಲದೆಯೇ ಮಾತು ಸಾಗುತ್ತಿತ್ತು. ಅಡಿಕೆ ಸುಲಿಯುವ ಕಾಲ ಬಂತು. ರಾತ್ರಿ ಹತ್ತು ಜನ ಕೂತು ಸುಲಿಯುವಾಗ ಅವನು ಕಂಬದ ಆಚೆ ಕೂತ.

2023ರ ಡಿಸೆಂಬರ್‌ನಲ್ಲಿ ಅಪ್ಪ ಒಂದು ಕೆಲಸ ಮಾಡಿದ. ಅಣ್ಣನಿಗೆ ಬೈದಿದ್ದ ಅದೇ ಅಪ್ಪ. ಜಗಲಿಯಲ್ಲಿದ್ದ ಹಿತ್ತಾಳೆಯ ತಟ್ಟೆಯನ್ನು ತೊಳೆದು, ಒರೆಸಿ, ಒಳಗೆ ಪೆಟ್ಟಿಗೆಯಲ್ಲಿ ಇಟ್ಟ. ಬಂದವರಿಗೆ ಬೆಲ್ಲ ನೀರು, ಆಮೇಲೆ ಮಜ್ಜಿಗೆ. “ನಮ್ಮ ಜಗಲೀಲಿ ಕವಳ ಇಲ್ಲೆ, ಬೇಜಾರ್ ಮಾಡ್ಬ್ಯಾಡಿ” ಅಂತ ನೇರವಾಗಿ ಹೇಳಿದ. ಇಬ್ಬರು ಮೂವರು ಬರುವುದು ಕಮ್ಮಿ ಮಾಡಿದರು. ಉಳಿದವರು ತಮ್ಮ ಸಂಚಿ ತಾವೇ ತಂದು, ಅಂಗಳದ ಆಚೆ ಹೋಗಿ ಹಾಕಿಕೊಂಡು ಬರುತ್ತಾರೆ. ದೊಡ್ಡಪ್ಪನ ಬಾಲ್ಯದ ಗೆಳೆಯನೊಬ್ಬ ತಾನೂ ಬಿಡುತ್ತೇನೆ ಅಂದ. ಮೂರು ತಿಂಗಳು ಬಿಟ್ಟ, ಮತ್ತೆ ಶುರು ಮಾಡಿದ. ಆದರೆ ದೊಡ್ಡಪ್ಪನ ಒತ್ತಾಯಕ್ಕೆ ಬಾಯಿ ತೋರಿಸಲು ಹೋದ. ಒಂದು ಬಿಳಿ ಮಚ್ಚೆ ಸಿಕ್ಕಿತು. ಸಮಯಕ್ಕೆ ಸಿಕ್ಕಿತು. ಮೂವತ್ತು ದಾಟಿದವರ ಬಾಯಿಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ನೋಡುತ್ತಾರೆ. ಈಗ ಯಾರು ಬಂದರೂ ದೊಡ್ಡಪ್ಪ “ಬಾಯಿ ತೋರ್ಸಿದ್ಯಾ?” ಅಂತ ಕೇಳುತ್ತಾನೆ.

ದೊಡ್ಡಾಯಿ

ಅವಳ ಬಗ್ಗೆ ಬರೆಯದಿದ್ದರೆ ಈ ಪ್ರಕರಣ ಅರ್ಧವೇ. ಮೂರು ವರ್ಷದಲ್ಲಿ ಯಾರೂ ಅವಳನ್ನು ನೀನು ಹೇಗಿದ್ದೀಯ ಅಂತ ಕೇಳಿರಲಿಲ್ಲ, ನಾನೂ ಸೇರಿ. ಅವಳ ಸಕ್ಕರೆ ಕಾಯಿಲೆಯ ಮಾತ್ರೆ ಎಷ್ಟೋ ದಿನ ತಪ್ಪಿತ್ತು. ಅವನು ಉಣ್ಣುವ ತನಕ ಅವಳು ಉಣ್ಣುತ್ತಿರಲಿಲ್ಲ, ಅವನ ಊಟ ಒಂದು ಗಂಟೆ. ಒಂದು ದಿನ ಅಡುಗೆಮನೆಯಲ್ಲೇ ತಲೆ ತಿರುಗಿ ಬಿದ್ದಳು. ಆಮೇಲೆ ನೋಟ್‌ಬುಕ್‌ನಲ್ಲಿ ಅವಳಿಗೂ ಒಂದು ಕಾಲಂ ಹಾಕಿದೆ. ಭಾನುವಾರ ಅವಳು ತವರಿಗೋ ದೇವಸ್ಥಾನಕ್ಕೋ ಹೋಗುತ್ತಾಳೆ, ಆ ದಿನ ಅಡುಗೆ ನಮ್ಮದು.

ದುಡ್ಡಿನದೂ ಒಂದು ಮಾತು. ಸರ್ಕಾರದ ಆರೋಗ್ಯ ಯೋಜನೆಯಿಂದ ಆಪರೇಷನ್ ಖರ್ಚಿನಲ್ಲಿ ಒಂದು ಭಾಗ ಸಿಕ್ಕಿತ್ತು. ಆಮೇಲಿನ ಓಡಾಟ, ಪೇಸ್ಟು, ಪರೀಕ್ಷೆ ಎಲ್ಲ ಕೈಯಿಂದಲೇ. ತಾಳಗುಪ್ಪದಿಂದ ರಾತ್ರಿ ರೈಲಿಗೆ ಹೋಗುತ್ತಿದ್ದೆವು, ಪೂರ್ತಿ ಟಿಕೆಟ್ ಕೊಟ್ಟು. ಚಿಕಿತ್ಸೆಗೆ ಮಾತ್ರವಲ್ಲ, ಆಮೇಲಿನ ತಪಾಸಣೆಗೆ ಹೋಗುವಾಗಲೂ ಕ್ಯಾನ್ಸರ್ ರೋಗಿಗೆ ರೈಲ್ವೆ ರಿಯಾಯಿತಿ ಇದೆ ಅಂತ ಸಹ ಪ್ರಯಾಣಿಕರೊಬ್ಬರು ಹೇಳಿದರು. ಆಸ್ಪತ್ರೆಯವರು ರೈಲ್ವೆಯ ನಮೂನೆಯಲ್ಲಿ ಬರೆದುಕೊಡಬೇಕು. ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ರೋಗಿಗೆ ಪೂರ್ತಿ, ಜೊತೆಗೆ ಹೋಗುವ ಒಬ್ಬರಿಗೆ 75% ರಿಯಾಯಿತಿ. ನಮಗೆ ಗೊತ್ತಾಗುವ ಹೊತ್ತಿಗೆ ಏಳು ಸಲ ಹೋಗಿ ಬಂದಾಗಿತ್ತು.

ಪಂಕ್ತಿ

ನಮ್ಮಲ್ಲಿ ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರೂ ಮುಗಿಸುವ ತನಕ ಯಾರೂ ಏಳುವ ಹಾಗಿಲ್ಲ. ದೊಡ್ಡಪ್ಪ ಹೊರಗಿನ ಊಟ ಪೂರ್ತಿ ಬಿಟ್ಟದ್ದು ಇದಕ್ಕೇ. ಎಡ ತುಟಿಗೆ ಸ್ಪರ್ಶವಿಲ್ಲ. ಅನ್ನದ ಅಗುಳು ಜಾರಿದರೆ ಗೊತ್ತಾಗುವುದಿಲ್ಲ. ಇನ್ನೂರು ಜನ ತನಗಾಗಿ ಕಾಯುತ್ತಾರೆ ಅನ್ನುವ ಯೋಚನೆಗೇ ಬೆವರುತ್ತಿದ್ದ. ಎರಡು ಮದುವೆ, ಒಂದು ಗೃಹಪ್ರವೇಶ ತಪ್ಪಿಸಿದ.

2024ರ ಏಪ್ರಿಲ್‌ನಲ್ಲಿ ನನ್ನ ತಮ್ಮನ ಮಗನ ಉಪನಯನ. ಅವನು ಬರಲೇಬೇಕಿತ್ತು. ಒಂದು ತಿಂಗಳು ಮೊದಲಿನಿಂದ ಮನೆಯಲ್ಲಿ ತಯಾರಿ ಮಾಡಿದೆವು. ಹಿತ್ತಿಲ ಬಾಗಿಲು ಬಿಟ್ಟು ಒಳಗೆ ಬಂದು ನಮ್ಮ ಜೊತೆ ಬಾಳೆಲೆಯಲ್ಲಿ ಕೂತ. ಮೊದಲು ದೊಡ್ಡಾಯಿ ಒಬ್ಬಳ ಜೊತೆ. ಆಮೇಲೆ ನಾಲ್ಕು ಜನ, ಆಮೇಲೆ ಎಂಟು. ಎದುರಿಗೆ ಕೂರುವ ನಾನು ನನ್ನ ತುಟಿಯನ್ನು ಮುಟ್ಟಿಕೊಂಡರೆ, ಅವನು ಟವೆಲ್‌ನಿಂದ ಒರೆಸಿಕೊಳ್ಳಬೇಕು ಅಂತ ಸನ್ನೆ ಮಾಡಿಕೊಂಡೆವು. ಆ ದಿನ ಮನೆಯಲ್ಲೇ ಅರ್ಧ ಹೊಟ್ಟೆ ಉಂಡು ಹೊರಟ. ಬಡಿಸುವ ಹುಡುಗರಿಗೆ ಹೇಳಿದ್ದೆ, ಅವನ ಎಲೆಗೆ ಮೊದಲು ಮೆತ್ತಗಿನ ಅನ್ನ, ತಂಬುಳಿ.

ಮೂವತ್ತೈದು ನಿಮಿಷ ಬೇಕಾಯಿತು. ಇಪ್ಪತ್ತಕ್ಕೆಲ್ಲ ಉಳಿದವರ ಎಲೆ ಖಾಲಿ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಊಟದ ಮಧ್ಯೆ ಗ್ರಂಥ ಹೇಳುವ ರೂಢಿ ನಮ್ಮಲ್ಲಿದೆ. ಒಬ್ಬರು ಒಂದು ಶ್ಲೋಕ ಹೇಳುತ್ತಾರೆ, ಮುಗಿದ ಕೂಡಲೇ ಎಲ್ಲರೂ ಹರ ನಮಃ ಪಾರ್ವತೀ ಪತಯೇ ಅನ್ನುತ್ತಾರೆ. ಆ ಸಾಲಿನ ತುದಿಯಲ್ಲಿ ಕೂತಿದ್ದ ವಯಸ್ಸಾದ ಭಟ್ಟರು ಒಂದು ಗ್ರಂಥ ಹೇಳಿದರು. ಮುಗಿದ ಕೂಡಲೇ ಇನ್ನೊಂದು. ಅವರು ನಿಲ್ಲಿಸಿದಾಗ ಆಚೆ ಬದಿಯಿಂದ ಮತ್ತೊಬ್ಬರು. ಆರು ಗ್ರಂಥವಾಯಿತು ಆ ದಿನ. ಅವರಿಗೆ ನಾನಂತೂ ಏನೂ ಹೇಳಿರಲಿಲ್ಲ. ದೊಡ್ಡಪ್ಪ ಹಾಲುಬಾಯಿಯ ಕೊನೆಯ ತುಂಡು ನುಂಗಿ, ನೀರು ಕುಡಿದು, ತಲೆ ಎತ್ತಿದ ಮೇಲೆ ಪಂಕ್ತಿ ಎದ್ದಿತು.

ಕೈ ತೊಳೆಯುವಲ್ಲಿ ಹೇಗಿತ್ತು ಅಂತ ಕೇಳಿದೆ. “ಅಡ್ಡಿಲ್ಲೆ” ಅಂದ. ಆ ದಿನದ ಪುಟದಲ್ಲಿ ಮಿಲಿಮೀಟರ್ ಬರೆಯುವುದನ್ನು ಮರೆತಿದ್ದೇನೆ.

ಈಗ

2025ರ ಆಗಸ್ಟ್‌ಗೆ ಮೂರು ವರ್ಷವಾಯಿತು. ರೋಗ ಮರಳಿಲ್ಲ. ಬಾಯಿ 31, ತೂಕ 57. ಥೈರಾಯ್ಡ್ ಮಾತ್ರೆ ನಡೆಯುತ್ತಿದೆ. ಬಾಯಿ ಒಣಗುವುದು ಮೊದಲಿಗಿಂತ ಕಮ್ಮಿ, ಪೂರ್ತಿ ಹೋಗಿಲ್ಲ. ಎಡಗೈ ಕಿವಿಯ ತನಕ ಏಳುತ್ತದೆ. ಅಡಿಕೆ ಕೊನೆ ಕೊಯ್ಯುವ ಹೊತ್ತಿಗೆ ತೋಟದಲ್ಲಿ ನಿಂತು ಲೆಕ್ಕ ಬರೆಯುತ್ತಾನೆ.

ನಾವು ಕಲಿತದ್ದರಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಕಡ್ಡಿ, ಸ್ಕೇಲು, ಒಂದು ರಕ್ತ ಪರೀಕ್ಷೆ, ಮೆಣಸಿಲ್ಲದ ತಂಬುಳಿ, ಒಂದು ಫೋನ್ ನಂಬರ್. ಎಲ್ಲವೂ ಒಂದು ಪುಟದಲ್ಲಿ ಹಿಡಿಯುತ್ತವೆ. ಕೊನೆಯ ಕರೆಂಟಿನ ದಿನ ಆ ಒಂದು ಪುಟವನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೈಗಿಟ್ಟಿದ್ದರೆ ಆ ಎಂಟು ಮಿಲಿಮೀಟರ್ ಉಳಿಯುತ್ತಿತ್ತು ಅಂತ ನಾನು ನಂಬಿದ್ದೇನೆ. ಹಾಗಾಗಿ ನಾನೇ ಬರೆದು ಜೆರಾಕ್ಸ್ ಮಾಡಿಸಿ ನಮ್ಮ ಹಲ್ಲಿನ ಡಾಕ್ಟರಿಗೂ ಫಿಸಿಯೋ ಅವರಿಗೂ ತೋರಿಸಿದೆ. ಅವರು ಎರಡು ಕಡೆ ತಿದ್ದಿದರು. ಕಡ್ಡಿಯನ್ನು ಹೇಳಿಕೊಟ್ಟವರ ಎದುರೇ ಶುರು ಮಾಡಬೇಕು, ದವಡೆಯ ಮೂಳೆಗೆ ತೊಂದರೆ ಇದ್ದವರಿಗೆ ಅದು ಆಗುವುದಿಲ್ಲ ಅಂತ ಸೇರಿಸಿದರು. ಈವರೆಗೆ ನಮ್ಮ ಸುತ್ತಿನ ನಾಲ್ಕು ಮನೆಗೆ ಆ ಪುಟ ಹೋಗಿದೆ. ಕೊಡಲು ಹೋಗುವುದು ದೊಡ್ಡಪ್ಪನೇ. ಹೋದಲ್ಲಿ ಬಾಯಿ ತೆರೆದು ತೋರಿಸುತ್ತಾನೆ.

ಉಳಿದಿರುವುದು ಆ ಹಲ್ಲು. 2022ರಲ್ಲಿ ನೋವು ಕೊಟ್ಟ ದವಡೆ ಹಲ್ಲು ಈಗ ಅಲುಗಾಡುತ್ತಿದೆ. ಕಿತ್ತರೆ ಮೂಳೆಗೆ ಅಪಾಯ, ಬಿಟ್ಟರೆ ಸೋಂಕು. ಬೆಂಗಳೂರಿನವರೂ ಇಲ್ಲಿಯವರೂ ಮಾತಾಡಿಕೊಂಡು ತೀರ್ಮಾನಿಸುತ್ತೇವೆ ಅಂದಿದ್ದಾರೆ. ಮುಂದಿನ ತಿಂಗಳು ಹೋಗಬೇಕು, ತಾಳಗುಪ್ಪದ ರೈಲಿಗೆ ಟಿಕೆಟ್ ಆಗಿದೆ.

ಈ ಚೌತಿಗೆ ಚಕ್ಲಿ ಕಂಬಳ ನಮ್ಮ ಮನೆಯಲ್ಲೇ ಆಯಿತು. ದೊಡ್ಡಪ್ಪ ಎಡ ಮೊಣಕೈಯನ್ನು ಮಣೆಯ ಮೇಲೆ ಊರಿಕೊಂಡು ಐವತ್ತೆರಡು ಚಕ್ಲಿ ಸುತ್ತಿದ. ಒಂದನ್ನು ಮೊಸರಲ್ಲಿ ನೆನೆಸಿ ತಿಂದ. ರಾತ್ರಿ ನೋಟ್‌ಬುಕ್ ಇಸಿದುಕೊಂಡು, ಕನ್ನಡಕ ಹಾಕಿ, ಆ ದಿನದ ಸಾಲನ್ನು ಅವನೇ ಬರೆದ: “ಬಾಯಿ 31. ಚಕ್ಲಿ 1.”